ಬಾಗಿನ ಮುಗಿಯುವವರೆಗೆ

ಗೇಟಿಗೆ ಸಿಕ್ಕಿಬಿದ್ದ ಎಮ್ಮೆ ಕೊಳೆತು ನಾರುತ್ತಿತ್ತು. ಮೇಲೆ ಮಹಾರಾಷ್ಟ್ರದಲ್ಲಿ ಬಿದ್ದ ಮಳೆಗೆ ಕೃಷ್ಣೆ ದಡ ಮೀರಿ ಬಂದಿದ್ದಳು. ಯಾವೂರಿನ ಎಮ್ಮೆಯೋ, ಯಾರ ಕೊಟ್ಟಿಗೆಯದೋ, ನಮ್ಮ ಹೊಳೆಮಾಚನಾಳದ ಬ್ಯಾರೇಜಿನ ನಡುಗೇಟಿಗೆ ಅಡ್ಡ ಬಿದ್ದು ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಸಚಿವರು ಬಾಗಿನ ಕೊಡುವ ಜಾಗವೂ ಅದೇ. ಆ ಗೇಟಿನ ಮೇಲೆಯೇ ಶಾಮಿಯಾನ ಹಾಕಿದ್ದರು, ಕೆಂಪು ಜಮಖಾನೆ ಹಾಸಿದ್ದರು. ಮುತ್ತೈದೆಗೆ ಕೊಡುವಂತೆ ಮೊರದಲ್ಲಿ ಹಸಿರು ಸೀರೆ, ಬಳೆ, ಅರಿಷಿಣ, ಕುಂಕುಮ ಇಟ್ಟು ತುಂಬಿದ ಹೊಳೆಗೆ ಬಿಡಬೇಕು. ಟೀವಿಯವರು ಬರುತ್ತಾರೆ. ಅಲ್ಲಿ ಎಮ್ಮೆ ನಾರಬಾರದು.

ಜೀಪು ನಮ್ಮ ಕೇರಿಯ ಹೊರಗೆ ನಿಂತಿತು. ಬ್ಯಾರೇಜಿನ ಎಂಜಿನಿಯರ ಇಳಿಯಲಿಲ್ಲ. ಮೂಗಿಗೆ ಕರ್ಚೀಫು ಒತ್ತಿಕೊಂಡು ಹಾರ್ನ್ ಹೊಡೆಸಿದ. ಅಲ್ಲಿಗೆ ಎಮ್ಮೆಯ ವಾಸನೆ ಬರುತ್ತಿರಲಿಲ್ಲ. ಕರ್ಚೀಫು ಯಾಕೆಂದು ಕೇರಿಯವರೆಲ್ಲರಿಗೂ ಗೊತ್ತಿತ್ತು.

ನಮ್ಮವರು ಸತ್ತ ದನ ಎಳೆಯುವುದನ್ನು ಬಿಟ್ಟು ವರ್ಷಗಳಾಗಿದ್ದವು. ಸುಮ್ಮನೆ ಬಿಟ್ಟದ್ದಲ್ಲ. ಗುಡಿಯ ಮುಂದೆ ಕೇರಿಯೆಲ್ಲ ಕೂತು, ಇನ್ನು ಮುಟ್ಟುವುದಿಲ್ಲ ಎಂದು ಮಾತಾಡಿ ಬಿಟ್ಟದ್ದು. ಆಗ ಊರವರು ನಮಗೆ ಹಿಟ್ಟಿನ ಗಿರಣಿ ಬಂದ್ ಮಾಡಿದರು, ಹೊಲದ ಕೂಲಿ ಬಂದ್ ಮಾಡಿದರು. ಜಮಖಂಡಿಗೆ ನಡೆದು ಹೋಗಿ ಜೋಳ ಬೀಸಿಕೊಂಡು ಬಂದೆವು. ದನ ಮಾತ್ರ ಎಳೆಯಲಿಲ್ಲ. ಆ ಮಾತನ್ನು ಮೊದಲು ಎತ್ತಿದವನು ನನ್ನ ಅಣ್ಣ ಹುಲೆಪ್ಪ. ಆಮೇಲೆ ಅವನು ಬ್ಯಾರೇಜಿನಲ್ಲಿ ದಿನಗೂಲಿ ಹಿಡಿದ. ಗೇಟಿನ ಸರಪಳಿಗೆ ಗ್ರೀಸು ಬಳಿಯುವ ಕೆಲಸ. ಆ ಗ್ರೀಸಿನ ಕೈಯಿಂದಲೇ ನನ್ನನ್ನು ಟೀಸಿಎಚ್ಚಿಗೆ ಕಳಿಸಿದ. ನಾನು ಬಾಳೇಶ. ಬನಹಟ್ಟಿಯ ಆಚೆ ಒಂದು ಸರಕಾರಿ ಸಾಲೆಯಲ್ಲಿ ಮಾಸ್ತರ. ಆ ದಿನ ನಾನು ಸಾಲೆಯಲ್ಲಿದ್ದೆ. ಹೊಳೆಯ ಹತ್ತಿರ ನಡೆದದ್ದನ್ನು ಕೇರಿಯವರು ಹೇಳಿದ್ದು, ಅವರು ಹೇಳಿದ ಹಾಗೆಯೇ ಬರೆಯುತ್ತೇನೆ.

"ಸಾಹೇಬ್ರ, ನಾವು ಸತ್ತ ದನಾ ಎಳಿಯೂದು ಬಿಟ್ಟೇವಿ," ಅಂದ ಹುಲೆಪ್ಪ.

"ಸತ್ತ ದನಾ ಅಲ್ಲೋ ಇದು. ಗೇಟ್ ಮೇಂಟೆನೆನ್ಸ್. ನಿನ್ನ ಡ್ಯೂಟಿ ಐತಿ."

"ಅಂಬಿಗರನ್ನ ಕರೀರಿ. ಅವರಿಗೆ ಈ ನೀರಿನ ಗುಣಾ ಗೊತ್ತೈತಿ."

"ಅವರನ್ನ ಸಚಿವರ ಬೋಟಿಗೆ ಹಾಕೇವಿ. ನೀ ಬರ್ತಿದ್ರ ಬಾ. ಬರೂದಿಲ್ಲಂದ್ರ ನಾಳಿಂದ ಗೇಟಿನ ಕಡೆ ಹಾಯಬ್ಯಾಡ."

ಸತ್ತ ದನವನ್ನು ಮೇಂಟೆನೆನ್ಸ್ ಅಂದರೆ ಅದು ನಾರುವುದು ನಿಲ್ಲುತ್ತದೆಯೇ? ಆದರೆ ಹೊಟ್ಟೆ ಇದೆಯಲ್ಲ. ಹುಲೆಪ್ಪ ಹೋದ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕಬ್ಬಿಣದ ಏಣಿ ಇಳಿದ. ಎಮ್ಮೆಗೆ ಕಟ್ಟಬೇಕಾದ ಹಗ್ಗವನ್ನೂ ಅವನೇ ಹಿಡಿದಿದ್ದ, ಯಾಕೆಂದರೆ ಮೇಲಿದ್ದ ಯಾರೂ ಅದನ್ನು ಮುಟ್ಟಲಿಲ್ಲ. ಏಣಿಯ ಕೆಳಮೆಟ್ಟಿಲ ಮೇಲೆ, ಎದೆಮಟ್ಟದ ನೀರಿನಲ್ಲಿ ನಿಂತು ಎಮ್ಮೆಯ ಕೊಂಬಿಗೆ ಗಂಟು ಹಾಕುತ್ತಿದ್ದ. ಚರ್ಮ ಕೈಗೆ ಕಿತ್ತು ಬರುತ್ತಿತ್ತು. ಒಮ್ಮೆ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು ಮತ್ತೆ ಬಗ್ಗಿದ.

ಅಷ್ಟರಲ್ಲಿ ಗೇಟಿನ ಕೋಣೆಗೆ ಫೋನು ಬಂತು. ಸಚಿವರ ಗಾಡಿಗಳ ತಾಲೀಮು ಹೊರಟಿದೆ, ಗೇಟನ್ನು ಒಂದಿಷ್ಟು ಎತ್ತಿ, ಎಮ್ಮೆ ತಾನೇ ಹೋಗುತ್ತದೆ ಎಂದು ಯಾರೋ ಹೇಳಿದರು. ಯಾರು ಎಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ. ಗೇಟು ಎತ್ತಿದರು. ಎಮ್ಮೆ ಹೋಯಿತು. ಹಗ್ಗಕ್ಕೆ ಹಗ್ಗ ತೊಡರಿಕೊಂಡು ನನ್ನ ಅಣ್ಣನೂ ಅದರ ಸಂಗಡ ಗೇಟಿನ ಕೆಳಗೆ ಹೋದ.

ಕೆಳಗಿನ ಬಂಡೆಗಳ ನಡುವೆ ಇಬ್ಬರೂ ಸಿಕ್ಕರು. ಕೇರಿಯ ಹುಡುಗರು ಕುಡುಗೋಲಿನಿಂದ ಹಗ್ಗ ಕೊಯ್ದು ಅವನನ್ನು ಎಮ್ಮೆಯಿಂದ ಬಿಡಿಸಿದರು. ಮರಳಿನ ಮೇಲೆ ಬೋರಲು ಹಾಕಿ ಬೆನ್ನು ಒತ್ತಿದರು. ನೀರು ಬಂತು, ಕೆಸರು ಬಂತು, ಬಹಳ ಹೊತ್ತಿನ ಮೇಲೆ ಎಳೆ ಎಳೆಯಾಗಿ ಉಸಿರು ಬಂತು. ದಂಡೆಯ ಮೇಲೆ ಅಂಬುಲೆನ್ಸು ನಿಂತಿತ್ತು. ಬಿಳಿ ಬಣ್ಣದ್ದು, ಹೊಸದು. ಅದು ಸಚಿವರ ಸಾಲಿನ ಗಾಡಿ, ಕೊಡಲು ಬರುವುದಿಲ್ಲ ಅಂದರು. ಕಬ್ಬಿನ ಟ್ರ್ಯಾಕ್ಟರಿನ ಹಿಂದಿನ ಡಬ್ಬಿಯಲ್ಲಿ ಹಾಕಿಕೊಂಡು ಜಮಖಂಡಿಗೆ ಹೊಡೆದರು.

ಅಲ್ಲಿಯ ಒಂದು ಖಾಸಗಿ ದವಾಖಾನೆಯಲ್ಲಿ ಉಸಿರಾಡಿಸುವ ಮಷೀನು ಇತ್ತು. ನಾನು ಹೋಗುವಷ್ಟರಲ್ಲಿ ಅಣ್ಣನ ಬಾಯಲ್ಲಿ ನಳಿಕೆ ಹಾಕಿದ್ದರು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಅದು ಅವನ ಎದೆ ಮಾಡುವ ಕೆಲಸವಾಗಿರಲಿಲ್ಲ.

ಡಾಕ್ಟರ್ ಆ ದಿನ ಸುಳ್ಳು ಹೇಳಲಿಲ್ಲ. "ಎದಿ ಬಡ್ಯಾಕತ್ತೈತಿ. ಉಸಿರು ಮಷೀನ್ ಹಾಕಾಕತ್ತೈತಿ. ಆದ್ರ ತಲಿ ಸತ್ತೈತವ್ವಾ. ಭಾಳ ಹೊತ್ತು ನೀರಾಗಿದ್ದ."

"ತಿರುಗಿ ಬರ್ತಾನೇನ್ರಿ?" ಕೇಳಿದಳು ತಾರವ್ವ. ಅಣ್ಣನ ಹೆಂಡತಿ. ನನಗೆ ವೈನಿ.

"ಇಲ್ಲ. ಮಷೀನ್ ಎಷ್ಟ ದಿನಾ ಇಟ್ರೂ ಅಷ್ಟ."

ದವಾಖಾನೆಯ ಮೆಟ್ಟಿಲು, ಆ ಜಿನೆಯ ಕೆಳಗೆ ನಾವು ಮೂವರು ಕೂತೆವು. ನನ್ನ ಅವ್ವ ಹೊಳೆವ್ವ, ತಾರವ್ವ, ನಾನು. ಅವ್ವ ಅಳಲಿಲ್ಲ. ಹೊಳೆಯ ದಂಡೆಯ ಮೇಲೆ ಹುಟ್ಟಿ ಅದರ ಹೆಸರನ್ನೇ ಹೊತ್ತವಳು. ನೀರು ಒಯ್ದದ್ದನ್ನು ತಿರುಗಿ ಕೊಡುವುದಿಲ್ಲ ಎಂದು ಅವಳಿಗೆ ಡಾಕ್ಟರ್ ಹೇಳಬೇಕಾಗಿರಲಿಲ್ಲ.

"ಮನಿಗೆ ಒಯ್ಯೂಣು," ಅಂದಳು. "ಮಂಚದ ಮ್ಯಾಲ ಜೀವಾ ಬಿಡಿಸಬಾರದು. ನೆಲಕ್ಕ ಹಾಕೂಣು. ನನ್ನ ಕೈಲೆ ಎರಡು ಹನಿ ನೀರ್ ಬಿಡ್ತೇನಿ. ಹೋಗಲಿ ನನ್ನ ಮಗಾ."

ನಮ್ಮಲ್ಲಿ ಹಾಗೆಯೇ. ಸಾಯುವವನನ್ನು ನೆಲಕ್ಕೆ ಹಾಕುತ್ತಾರೆ. ಕೆಳಗೆ ಬರಿಯ ಒಂದು ಕಂಬಳಿ. ಸುತ್ತ ತನ್ನವರು. ಹುಟ್ಟಿದಾಗ ಬಿದ್ದ ನೆಲವೇ ಹೋಗುವಾಗಲೂ ಬೆನ್ನಿಗೆ ತಾಗಬೇಕು. ಇದಕ್ಕೆ ದುಡ್ಡು ಬೇಡ, ಡಾಕ್ಟರ್ ಬೇಡ. ಬಡವರ ಕೈಗೆ ಎಟುಕುವ ಮರ್ಯಾದೆ ಇದೊಂದೇ.

ಕೊನೆಯ ಮಾತು ಹೆಂಡತಿಯದು. ತಾರವ್ವ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಅಂದಳು. "ನೀರಾಗ ದುಡಿಸ್ಯಾರ ಸಾಕು. ಮಷೀನಿನಾಗ ದುಡಿಸೂದು ಬ್ಯಾಡ. ಒಯ್ಯೂಣು."

ಆ ಮಾತು ಆಡಲು ಅವಳಿಗೆ ಎಷ್ಟು ಬೇನೆಯಾಗಿತ್ತೆಂದು ನಾನು ಕಂಡಿದ್ದೇನೆ. ಅದು ನಮ್ಮ ಮನೆಯ ಮಾತು. ಮೂರು ಜನ ಸೇರಿ ಕರುಳು ಕಿತ್ತುಕೊಂಡು ಆಡಿದ ಮಾತು. ಸರಕಾರಕ್ಕೆ ಅಲ್ಲಿ ಏನು ಕೆಲಸ?

ಸರಕಾರ ಬಂತು. ಬಾಗಿನದ ಕಾರ್ಯಕ್ರಮಕ್ಕೆಂದೇ ಮೇಲಿನಿಂದ ಒಬ್ಬ ವಿಶೇಷಾಧಿಕಾರಿಯನ್ನು ನೇಮಿಸಿದ್ದರು. ಬೆಂಗಳೂರು ಕಡೆಯ ಮಾತು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆತ್ತಗಿನ ದನಿ. ಅವನ ಹಿಂದೆ ಪಿಎಸ್ಐ. ಅವರ ಹಿಂದೆ ಡಾಕ್ಟರ್, ಆಗಲೇ ತಲೆ ತಗ್ಗಿಸಿಕೊಂಡು.

"ನೋಡಿ ಅಮ್ಮ," ಅಂದ ಅಧಿಕಾರಿ, "ನಿಮ್ಮ ದುಃಖ ಅರ್ಥ ಆಗುತ್ತೆ. ಆದರೆ ಉಸಿರಿನ ನಳಿಕೆ ತೆಗೆಯೋದು ಅಂದ್ರೆ ಕೊಲೆ ಮಾಡಿದ ಹಾಗೆ. ಅದಕ್ಕೆ ಹೈಕೋರ್ಟ್ ಅನುಮತಿ ಬೇಕು. ಈ ವರ್ಷ ತೀರ್ಪೇ ಬಂದಿದೆ. ನೀವು ಚಿಂತೆ ಮಾಡಬೇಡಿ, ಖರ್ಚೆಲ್ಲ ಸರ್ಕಾರದ್ದು."

"ಹೈಕೋರ್ಟ್ ಎಲ್ಲೈತ್ರಿ?" ಕೇಳಿದಳು ಅವ್ವ.

"ಅದೆಲ್ಲ ನಿಮಗ್ಯಾಕೆ ಅಜ್ಜಿ."

"ನನ್ನ ಮಗನ್ನ ನಾ ಮನಿಗೆ ಒಯ್ಯಾಕ ಕೋರ್ಟ್ ಕೇಳಬೇಕೇನ್ರಿ? ಹಡಿಯೂ ಮುಂದ ಯಾರನ್ನೂ ಕೇಳಿಲ್ರೀ ನಾ."

ಅಧಿಕಾರಿ ಗಡಿಯಾರ ನೋಡಿಕೊಂಡ. ಪಿಎಸ್ಐ ನನ್ನನ್ನು ಸ್ಕೂಟರ್ ನಿಲ್ಲಿಸುವ ಕಡೆ ಕರೆದೊಯ್ದ. ಅವನು ಈ ಕಡೆಯವನೇ. ಬಿಚ್ಚಿ ಹೇಳಿದ.

"ಮಾಸ್ತರ, ಖರೆ ಹೇಳ್ತೇನಿ. ಬಾಗಿನಕ್ಕ ಇನ್ನೂ ನಾಲ್ಕೈದು ದಿನಾ ಐತಿ, ಅದು ಆಗೂತನ ಹೆಣಾ ಹೊರಗ ಬರಂಗಿಲ್ಲ. ನಿಮ್ಮ ಮಂದಿ ಹೆಣಾ ತಂದು ಬ್ಯಾರೇಜಿನ ಮ್ಯಾಲ ಇಟ್ಕೊಂಡು ಕುಂದರ್ತೀರಿ ಅಂತ ರಿಪೋರ್ಟ್ ಹೋಗೇತಿ. ಶುಭಕಾರ್ಯದಾಗ ಸೂತಕ ಬ್ಯಾಡ ಅಂತಾರ ಮ್ಯಾಲಿನವರು. ಬಾಗಿನ ಆಗಲಿ, ಆಮ್ಯಾಲ ನಿಮ್ಮ ಹೆಣಾ ನಿಮಗ."

"ನಮ್ಮಣ್ಣ ಇನ್ನೂ ಹೆಣಾ ಆಗಿಲ್ಲ."

"ಅದನ್ನ ನಾವೂ ಹೇಳಾಕತ್ತೇವಿ. ಆಗೂದು ಬ್ಯಾಡ. ನೀವೂ ಸರಕಾರದ ಸಂಬಳಾ ತಿಂತೀರಿ. ತಿಳಕೊಂಡು ನಡೀರಿ."

ಬಾಗಿಲಿಗೆ ಇಬ್ಬರು ಪೊಲೀಸರನ್ನು ಕೂರಿಸಿದರು. ರೋಗಿಗೆ ಕಾವಲು ಎಂದರು. ಅದು ಕಾವಲಲ್ಲ, ಜೈಲು. ಕೈದಿ ನನ್ನ ಅಣ್ಣ. ಅವನು ಮಾಡಿದ ತಪ್ಪು, ಮುಹೂರ್ತ ನೋಡದೆ ಸಾಯಲು ಹೊರಟದ್ದು.

ಒಳಗೆ ಬಿಡುತ್ತಿರಲಿಲ್ಲ. ಒಂದೇ ಒಂದು ಕೆಲಸಕ್ಕೆ ತಾರವ್ವನನ್ನು ಬಿಡುತ್ತಿದ್ದರು. ಅಣ್ಣ ಹಾಸಿಗೆಯಲ್ಲೇ ಹೊಲಸು ಮಾಡಿಕೊಳ್ಳುತ್ತಿದ್ದ. ವಾರ್ಡಿನ ಆಳು ಮುಟ್ಟಲಿಲ್ಲ. "ಅವರ ಮಂದಿನಽ ಬಳೀಲಿ," ಅಂದ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅವಳನ್ನು ಕರೆಯುತ್ತಿದ್ದರು. ಅವಳು ಬರಿಗೈಯಿಂದ ಬಳಿದು, ಒರೆಸಿ, ತೊಡೆಯ ಸಂದು ತೊಳೆದು, ಬಟ್ಟೆ ಹಿಂಡಿಕೊಂಡು ಹೊರಗೆ ಬರುತ್ತಿದ್ದಳು. ಗಂಡನ ಹೇಲು ಬಳಿಯಲು ಹೆಂಡತಿಯ ಅನುಮತಿ ಸಾಕಾಗಿತ್ತು. ಗಂಡನನ್ನು ಕಳಿಸಿಕೊಡಲು ಹೈಕೋರ್ಟ್ ಬೇಕಾಗಿತ್ತು.

ಬೆನ್ನಿನ ಕೆಳಗೆ ಹುಣ್ಣಾಯಿತು ಎಂದಳು. ನಳಿಕೆಗೆ ಅಂಟಿಸಿದ ಪಟ್ಟಿ ತುಟಿಯ ಚರ್ಮ ಎಬ್ಬಿಸಿದೆ ಎಂದಳು. ಕಾಲು ಬಾತು ಬೆಳ್ಳಿಯ ಕಡಗ ಮಾಂಸದಲ್ಲಿ ಹೂತಿದೆ ಎಂದಳು. ಅವ್ವನನ್ನು ಜಿನೆಯ ಕೆಳಗಿನಿಂದಲೂ ಎಬ್ಬಿಸಿದ್ದರು, ಬಂದು ಹೋಗುವವರಿಗೆ ಅಡ್ಡ ಆಗುತ್ತದೆಂದು. ಅವಳು ಸ್ಕೂಟರುಗಳ ನಡುವೆ ಗೋಣಿಚೀಲ ಹಾಸಿಕೊಂಡು ಕೂತಿರುತ್ತಿದ್ದಳು.

ಬಾಗಿನದ ಹಿಂದಿನ ದಿನ ಮಧ್ಯಾಹ್ನ ಅಣ್ಣನ ಎದೆಬಡಿತ ತಾನಾಗಿ ನಿಂತಿತು. ಹೋಗುವವನು ಹೋಗಿಬಿಟ್ಟಿದ್ದ. ಬಾಗಿಲಿನ ಪೊಲೀಸ ಫೋನು ಮಾಡಿದ. ಡಾಕ್ಟರ್ ಓಡಿ ಬಂದ. ಒಳಗೆ ಇಬ್ಬರು ಸೇರಿ ಅಣ್ಣನ ಎದೆ ಗುದ್ದಿದರು. ಬಾಗಿಲ ಹೊರಗೆ ನಿಂತಿದ್ದ ತಾರವ್ವನಿಗೆ ಎಲುಬು ಮುರಿದ ಸದ್ದು ಕೇಳಿಸಿತು. ನನಗೂ ಕೇಳಿಸಿತು. ಸೂಜಿ ಚುಚ್ಚಿದರು, ಮತ್ತೆ ಗುದ್ದಿದರು. ಎದೆ ತಿರುಗಿ ಬಡಿಯುವ ಹಾಗೆ ಮಾಡಿದರು. ಡಾಕ್ಟರ್ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು ಫೋನಿನಲ್ಲಿ ಹೇಳಿದ. "ಇಲ್ಲ ಸರ್, ಅದಾನ್ರಿ. ಅದಾನ."

ತಾರವ್ವ ಅವನ ದಾರಿಗೆ ಅಡ್ಡ ನಿಂತಳು. "ಸತ್ತಿದ್ನಲ್ರಿ. ಮತ್ಯಾಕ ಎಬ್ಬಿಸಿದ್ರಿ?"

"ನನಗ ಮ್ಯಾಲಿಂದ ಹೇಳ್ಯಾರವ್ವಾ. ನಾ ಏನ್ ಮಾಡಲಿ."

ಮೇಲೆ, ಮೇಲೆ. ನಮ್ಮ ಸಾವಿನ ಮೇಲೂ ಯಾವನೋ ಒಬ್ಬ ಮೇಲಿನವನಿದ್ದಾನೆ.

ಮರುದಿನ ದವಾಖಾನೆಯ ಟೀವಿಯಲ್ಲಿ ಬಾಗಿನ ತೋರಿಸಿದರು. ಸಾಲೆಯ ಮಕ್ಕಳನ್ನು ಬಾವುಟ ಕೊಟ್ಟು ದಂಡೆಯ ಮೇಲೆ ನಿಲ್ಲಿಸಿದ್ದರು. ನನಗೂ ಮಕ್ಕಳನ್ನು ಕರೆದುಕೊಂಡು ಬಾ ಎಂದು ಆದೇಶ ಬಂದಿತ್ತು. ಹೋಗಲಿಲ್ಲ. ಸಚಿವರು ಜರಿಯ ಪಂಚೆ ಉಟ್ಟು ಆ ಗೇಟಿನ ಮೇಲೆ ನಿಂತು ಮೊರ ಎತ್ತಿ ನೀರಿಗೆ ಬಿಟ್ಟರು. ಭಟ್ಟರು ಮಂತ್ರ ಹೇಳಿದರು. ಸಚಿವರು ಗಂಗೆಗೆ ಕೈ ಮುಗಿದು, ನಾಡಿನ ಜನ ಸುಖವಾಗಿರಲಿ ಅಂದರು. ನೋಡುತ್ತಿದ್ದ ರೋಗಿಗಳ ಕಡೆಯವರು ಕೂತಲ್ಲೇ ಕೈ ಮುಗಿದರು.

ತಾರವ್ವ ಗೋಡೆಗೆ ಒರಗಿ ನಿಂತು ನೋಡಿದಳು. ಕೈಯಲ್ಲಿ ಆಗ ತಾನೇ ಬಳಿದ ಬಟ್ಟೆಯ ಬಕೆಟ್ಟು. "ಸೀರಿ ಛಲೋ ಐತಿ," ಅಂದಳು. ಅಷ್ಟೇ.

ಅದರ ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಪೊಲೀಸರಿರಲಿಲ್ಲ. ವಿಶೇಷಾಧಿಕಾರಿ ಬಂದ. ಮುಖದಲ್ಲಿ ಮದುವೆ ಮುಗಿಸಿದವನ ಕಳೆ. ನಮ್ಮನ್ನು ಡಾಕ್ಟರ್ ಕೋಣೆಗೆ ಕರೆದರು. ಮೊದಲ ಸಲ ಕುರ್ಚಿ ಕೊಟ್ಟರು. ಅವ್ವ ರೂಢಿಯ ಮೇಲೆ ನೆಲಕ್ಕೇ ಕೂತಳು.

"ಅಮ್ಮ, ಅವತ್ತು ನೀವೇ ಕೇಳಿದ್ರಿ. ಮನೆಗೆ ಕರ್ಕೊಂಡು ಹೋಗ್ತೀವಿ ಅಂತ. ಸರ್ಕಾರ ನಿಮ್ಮ ಭಾವನೆಗೆ ಗೌರವ ಕೊಡುತ್ತೆ. ಇಲ್ಲೊಂದು ಹೆಬ್ಬೆಟ್ಟು ಒತ್ತಿ. ಡಾಕ್ಟ್ರು ಮಷೀನ್ ತೆಗೀತಾರೆ. ಗಾಡಿ ನಾವೇ ಕೊಡ್ತೀವಿ."

"ಬಾಳೇಶ, ಏನ್ ಬರದಾರ ಓದಪಾ," ಅಂದಳು ತಾರವ್ವ.

ಓದಿದೆ. ಹುಲೆಪ್ಪನೆಂಬುವನು ಮೀನು ಹಿಡಿಯಲು ತಾನಾಗಿ ಹೊಳೆಗೆ ಇಳಿದು ಮುಳುಗಿದನು. ಕುಟುಂಬದವರು ತಮ್ಮ ಸ್ವಂತ ಇಚ್ಛೆಯಿಂದ ಚಿಕಿತ್ಸೆ ನಿಲ್ಲಿಸಲು ಕೋರಿರುತ್ತಾರೆ. ಮುಂದಿನದಕ್ಕೆ ಯಾರೂ ಹೊಣೆಯಲ್ಲ. ಓದಿ ಮುಗಿಸಿ ಕಾಗದವನ್ನು ಎರಡೇ ಬೆರಳಲ್ಲಿ ಹಿಡಿದು ಮೇಜಿಗೆ ಇಟ್ಟೆ. ಹೆದರಿಕೆಯಿಂದಲ್ಲ. ಹೇಸಿಕೆಯಿಂದ.

ತಾರವ್ವ ಅಧಿಕಾರಿಯ ಕಡೆ ತಿರುಗಿದಳು. "ಅವತ್ತು ಕೊಲಿ ಅಂದ್ರಿ."

"ಅವತ್ತಿನ ಪರಿಸ್ಥಿತಿ ಬೇರೆ ಇತ್ತು."

"ಅವತ್ತೂ ತಲಿ ಸತ್ತಿತ್ತು. ಇವತ್ತೂ ಸತ್ತೈತಿ. ನಡುವ ಬಾಗಿನ ಒಂದು ಆತು. ಬ್ಯಾರೆ ಏನಾತ್ರಿ?"

"ಅಮ್ಮ, ವಾದ ಬೇಡ. ಕಾನೂನು ನಾವು ನೋಡ್ಕೋತೀವಿ."

"ನಾ ಒತ್ತೂದಿಲ್ಲ."

ಅಧಿಕಾರಿ ಪೆನ್ನನ್ನು ನನ್ನ ಮುಂದೆ ಹಿಡಿದ. "ಮೇಷ್ಟ್ರೇ, ನೀವು ವಿದ್ಯಾವಂತರು. ಒಡಹುಟ್ಟಿದವರು. ನೀವು ಸಹಿ ಮಾಡಿದ್ರೂ ನಡೆಯುತ್ತೆ. ನಿಮ್ಮ ಸರ್ವೀಸ್ ಇನ್ನೂ ಬಹಳ ಇದೆ."

"ಮಾಡೂದಿಲ್ಲ," ಅಂದೆ. ನನ್ನ ಅಮಾನತಿನ ಆದೇಶ ಆಮೇಲೆ ಬಂತು. ಬಂದರೆ ಬರಲಿ.

ತಿಳಿಯದವರು ಕೇಳುತ್ತಾರೆ. ಕಳಿಸಬೇಕು ಅಂದವಳು ಅವಳೇ, ಕಳಿಸುತ್ತೇವೆ ಅಂದಾಗ ಯಾಕೆ ಒಲ್ಲೆ ಅಂದಳು? ತಾರವ್ವ ಗಂಡನ ಸಾವನ್ನು ಒಲ್ಲೆ ಅನ್ನಲಿಲ್ಲ. ಅದನ್ನು ಅವರ ಕೈಯಿಂದ ತಗೊಳ್ಳಲು ಒಲ್ಲೆ ಅಂದಳು. ಗೇಟು ಎತ್ತಿದವರು, ಎಲುಬು ಮುರಿದು ಎಬ್ಬಿಸಿದವರು, ಈಗ ಕೊಂದದ್ದು ನೀನೇ ಎಂದು ಅವಳ ಹೆಬ್ಬೆಟ್ಟು ಕೇಳುತ್ತಿದ್ದರು.

"ಸರಿ ಹಾಗಾದ್ರೆ," ಅಂದ ಅಧಿಕಾರಿ. ದನಿಯ ಮೆದುತನ ಹೋಗಿತ್ತು. "ಇನ್ಮೇಲೆ ಇದು ಸರ್ಕಾರದ ಪೇಶೆಂಟ್ ಅಲ್ಲ. ಡಾಕ್ಟ್ರೇ, ಬಾಗಲಕೋಟೆ ದೊಡ್ಡಾಸ್ಪತ್ರೆಗೆ ಬರೆದು ಕಳಿಸಿ."

ಅವನು ಎದ್ದು ಹೋದ. ಒಂದು ತಾಸಿನೊಳಗೆ ಅಣ್ಣನನ್ನು ಮಷೀನಿನಿಂದ ಬಿಡಿಸಿದರು. ನಳಿಕೆಯ ತುದಿಗೆ ಒಂದು ರಬ್ಬರಿನ ಚೀಲ ಸಿಕ್ಕಿಸಿದರು. ಹಾಲು ಕರೆಯುವ ಕೆಚ್ಚಲಿನಷ್ಟು ದಪ್ಪ. ಚಿಕ್ಕ ಪ್ರಾಯದ ನರ್ಸು ತಾರವ್ವನ ಕೈ ಹಿಡಿದು ತೋರಿಸಿಕೊಟ್ಟಳು.

"ಹಿಂಗ ಒತ್ರಿ. ಬಿಡ್ರಿ. ಮತ್ತ ಒತ್ರಿ. ನಿಮ್ಮ ಉಸಿರು ಹೆಂಗ ನಡೀತೈತಿ ಹಂಗ. ನಿಲ್ಲಸಬ್ಯಾಡ್ರಿ."

"ನಿಲ್ಲಸಿದ್ರ?"

ನರ್ಸು ಡಾಕ್ಟರ್ ಕಡೆ ನೋಡಿದಳು. ಡಾಕ್ಟರ್ ಕಾಗದದಲ್ಲಿ ಮುಖ ಹುಗಿಸಿಕೊಂಡು ಅಂದ. "ನಿಲ್ಲಸಿದ್ರ ನೀವ ನಿಲ್ಲಸಿದಂಗ."

ಹೆಬ್ಬೆಟ್ಟು ಕೊಡದವಳ ಎರಡೂ ಕೈಗೆ ಕೆಲಸ ಕೊಟ್ಟರು. ಅವಳು ಒತ್ತದ ಕಾಗದವನ್ನೇ ರಬ್ಬರಿನಲ್ಲಿ ಮಾಡಿ ಕೊಟ್ಟರು. ಕಳಿಸಿದ ಹಳೆಯ ಗಾಡಿಯಲ್ಲಿ ಮಷೀನಿರಲಿಲ್ಲ, ಡಾಕ್ಟರಿರಲಿಲ್ಲ, ನರ್ಸನ್ನೂ ಕಳಿಸಲಿಲ್ಲ. ತಗಡಿನ ಮೇಲೆ ಅಣ್ಣ. ಅವನ ತಲೆಯ ಹತ್ತಿರ ತಾರವ್ವ. ಕಾಲಿನ ಹತ್ತಿರ ನಾನು. ಮುಂದೆ ಡ್ರೈವರ್ ಲಗಮಪ್ಪನ ಪಕ್ಕ ಅವ್ವ.

ಬೀಳಗಿ ರಸ್ತೆಗೆ ಬಿದ್ದೆವು. ತಾರವ್ವ ಒತ್ತುತ್ತಿದ್ದಳು. ಅಣ್ಣನ ಎದೆ ಏರುತ್ತಿತ್ತು. ಬಿಡುತ್ತಿದ್ದಳು. ಇಳಿಯುತ್ತಿತ್ತು. ಮುರಿದ ಎಲುಬು ಪ್ರತಿ ಸಲ ಕಟ್ ಅನ್ನುತ್ತಿತ್ತು. ರಸ್ತೆಯ ತಗ್ಗಿಗೆ ಗಾಡಿ ಜಿಗಿದರೆ ನಳಿಕೆ ಜಗ್ಗಿ ತುಟಿಯಿಂದ ರಕ್ತ ಬರುತ್ತಿತ್ತು. ಅವಳ ಮಣಿಕಟ್ಟು ಸೋತಾಗ ನಾನು ತಗೊಂಡೆ. ನನ್ನದು ಸೋತಾಗ ಅವಳು. ಸೀಮೆಸುಣ್ಣ ಹಿಡಿದ ಕೈ ನನ್ನದು, ಬೇಗ ಸೋಲುತ್ತಿತ್ತು. ನನ್ನ ಅಣ್ಣನ ಉಸಿರು ನನ್ನ ಬೆರಳಿನಲ್ಲಿತ್ತು. ನನಗೆ ಕೆಮ್ಮು ಬಂದರೂ ಅವನು ಸಾಯುತ್ತಿದ್ದ. ಇಂಥ ಕೆಲಸವನ್ನು ಹಗೆಯವನಿಗೂ ಕೊಡಬಾರದು. ಅವರು ಹೆಂಡತಿಗೆ ಕೊಟ್ಟಿದ್ದರು, ತಮ್ಮನಿಗೆ ಕೊಟ್ಟಿದ್ದರು.

ಲಗಮಪ್ಪ ಗಾಡಿಯನ್ನು ನಿಧಾನ ಮಾಡಿದ. ಕನ್ನಡಿಯಲ್ಲಿ ನಮ್ಮನ್ನು ನೋಡುತ್ತಿದ್ದ. ಕಡೆಗೆ ತಡೆಯಲಾಗಲಿಲ್ಲ ಅವನಿಗೆ.

"ಮಾಸ್ತರ್ರ, ಒಂದ್ ಮಾತ್ ಹೇಳ್ತೇನಿ, ಸಿಟ್ಟಿಗೇಳಬ್ಯಾಡ್ರಿ. ಬಾಗಲಕೋಟ್ಯಾಗ ಜಾಗಾ ಇಲ್ಲ. ನಾನಽ ಫೋನ್ ಹಚ್ಚಿದ್ದೆ. ಸಾಹೇಬ್ರಿಗೂ ಗೊತ್ತೈತಿ. ಅವರು ಕೈ ಸೋತು ಬಿಡತಾರ, ಬಿಟ್ಟ ಮ್ಯಾಲ ಹಂಗ ಅವರೂರಿಗೆ ಇಳಿಸಿ ಬಾ ಅಂತ ಹೇಳ್ಯಾರ ನನಗ."

ನಾನು ಒತ್ತುತ್ತಲೇ ಇದ್ದೆ. ಅವ್ವ ಮುಂದಿನಿಂದ ತಿರುಗಿ ನೋಡಿದಳು. ಆ ಮುಖದಲ್ಲಿ ನೀರಿರಲಿಲ್ಲ.

"ಆ ಸಾಹೇಬ ಈಗ ಎಲ್ಲಿ ಅದಾನ?" ಕೇಳಿದಳು ತಾರವ್ವ.

"ನಿಮ್ಮೂರಾಗಽ ಅದಾರವಾ. ಬ್ಯಾರೇಜಿನ ಬಂಗಲೇದಾಗ. ಬಾಗಿನ ಛಲೋ ಆತಂತ ಊಟ ಇಟ್ಕೊಂಡಾರ. ಈ ಸಾಹೇಬ್ರಿಗೆ ಸತ್ಕಾರ."

"ಹಂಗಾರ ಅಲ್ಲಿಗೆ ಹೊಡಿ."

"ನನ್ನ ನೌಕರಿ..."

"ನಾವು ಜಬರದಸ್ತಿ ಮಾಡಿದ್ವಿ ಅಂತ ಹೇಳು. ನಮ್ಮ ಮಂದಿ ಮ್ಯಾಲ ಏನ್ ಹೇಳಿದ್ರೂ ನಂಬತಾರ. ಹೊಡಿ."

ಊರ ಕ್ರಾಸಿನಲ್ಲಿ ಲಗಮಪ್ಪ ಗಾಡಿ ಹೊರಳಿಸಿದ. ಅವನ ನೌಕರಿಯೂ ದಿನಗೂಲಿಯದೇ. ಅವನು ಯಾಕೆ ಹೊರಳಿಸಿದ ಎಂದು ನಾನು ಕೇಳಿಲ್ಲ, ಅವನೂ ಹೇಳಿಲ್ಲ.

ಬಂಗಲೆಯ ಅಂಗಳದಲ್ಲಿ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ಬಾಳೆಕಂಬ ಬಾಡಿ ಜೋತು ಬಿದ್ದಿದ್ದವು. ಹೋಳಿಗೆಯ ತುಪ್ಪದ ವಾಸನೆ ಗೇಟಿನವರೆಗೆ ಬರುತ್ತಿತ್ತು. ಎಂಜಿನಿಯರ ಇದ್ದ, ಪಿಎಸ್ಐ ಇದ್ದ, ಕ್ಯಾಮರಾ ಹಿಡಿದ ಪೇಪರಿನವರು ಇಬ್ಬರಿದ್ದರು. ವಿಶೇಷಾಧಿಕಾರಿಯ ಹೆಗಲ ಮೇಲೆ ಶಾಲು, ಕೊರಳಲ್ಲಿ ಸುಗಂಧರಾಜದ ಹಾರ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

ಗಾಡಿಯ ಹಿಂಬಾಗಿಲು ತೆಗೆದು ನಾನು, ಲಗಮಪ್ಪ ಸೇರಿ ಅಣ್ಣನನ್ನು ಇಳಿಸಿದೆವು. ತಾರವ್ವ ಚೀಲ ಒತ್ತುತ್ತಲೇ ಪಕ್ಕದಲ್ಲಿ ಅಡ್ಡಡ್ಡ ಹೆಜ್ಜೆ ಹಾಕಿದಳು. ಅವ್ವ ಮುಂದೆ ಹೋಗಿ ಅಂಗಳದ ನಡುವೆ ತನ್ನ ಗೋಣಿಚೀಲ ಹಾಸಿದಳು. ಆಮೇಲೆ ಏನನ್ನಿಸಿತೋ, ಅದನ್ನೂ ಎಳೆದು ಹಾಕಿದಳು. ಬರಿಯ ಮಣ್ಣಿನ ಮೇಲೆ ಅಣ್ಣನನ್ನು ಮಲಗಿಸಿದೆವು. ಬೆನ್ನಿನ ಹುಣ್ಣಿಗೆ ಮಣ್ಣು ಹತ್ತಿತು.

ಎಲ್ಲರೂ ಎದ್ದು ನಿಂತರು. "ಏನ್ ನಡಸೀರಿ ಇದು?" ಎನ್ನುತ್ತ ಪಿಎಸ್ಐ ಬಂದ. "ಎತ್ರಿ. ಎತ್ತಿ ಗಾಡಿಗೆ ಹಾಕ್ರಿ."

"ನೆಲಕ್ಕ ಹಾಕಿದವನ್ನ ನಾವು ತಿರುಗಿ ಎತ್ತೂದಿಲ್ರೀ," ಅಂದಳು ಅವ್ವ. "ನಿಮಗ ಬೇಕಾದ್ರ ಮುಟ್ಟಿ ನೀವ ಎತ್ರಿ."

ಪಿಎಸ್ಐ ಬಗ್ಗಲಿಲ್ಲ. ಅಣ್ಣನ ಮೈಯಿಂದ ಕೀವಿನ ವಾಸನೆ ಬರುತ್ತಿತ್ತು. ಎಂಜಿನಿಯರ ಕಿಸೆಯಿಂದ ಕರ್ಚೀಫು ತೆಗೆದ. ಈಗ ಅದಕ್ಕೆ ಕಾರಣವಿತ್ತು.

ವಿಶೇಷಾಧಿಕಾರಿ ಹತ್ತಿರ ಬಂದ. ಪೇಪರಿನವರ ಕಡೆ ಒಮ್ಮೆ ನೋಡಿ ದನಿ ಮೆತ್ತಗೆ ಮಾಡಿಕೊಂಡ. "ಅಮ್ಮ, ಏನಿದು. ಏನಾದ್ರೂ ಇದ್ರೆ ಕೂತು ಮಾತಾಡೋಣ."

ತಾರವ್ವ ತಲೆ ಎತ್ತಿದಳು. ಒತ್ತಿದಳು, ಬಿಟ್ಟಳು. "ಕೈ ಸೋತು ಬಿಡತಾರ ಅಂದ್ರಂತ. ಖರೆ ಐತಿ. ಸೋತಾವು."

ಅವನ ಬಲಗೈ ಹಿಡಿದು ಜಗ್ಗಿದಳು. ಅವನು ಮುಗ್ಗರಿಸಿ ಮೊಳಕಾಲ ಮೇಲೆ ಬಿದ್ದ. ಆ ಕೈಗೆ ಚೀಲ ಇಟ್ಟಳು. ಎದ್ದು ನಿಂತು ಹಿಂದೆ ಸರಿದಳು.

ಅಣ್ಣನ ಎದೆ ಇಳಿಯಿತು. ಏರಲಿಲ್ಲ.

ಕ್ಯಾಮರಾ ಕಟ್ ಅಂದಿತು. "ಒತ್ರೀ ಸಾಹೇಬ್ರ," ಅಂದ ಲಗಮಪ್ಪ, ಕೂಗದೆ. "ಬಿಟ್ರ ನೀವ ಬಿಟ್ಟಂಗ ಆಕ್ಕೈತಿ."

ಅಧಿಕಾರಿ ಒತ್ತಿದ. ಅಣ್ಣನ ಎದೆ ಏರಿತು. ಬಿಟ್ಟ. ಇಳಿಯಿತು. ಮತ್ತೆ ಒತ್ತಿದ. ಮುರಿದ ಎಲುಬಿನ ಸದ್ದಿಗೆ ಅವನ ಮುಖ ಕಿವುಚಿತು. ನಳಿಕೆಯಿಂದ ಹಳದಿ ಕೀವು ಉಕ್ಕಿ ಅವನ ಬೆರಳಿಗೆ, ಬಿಳಿ ತೋಳಿಗೆ ಹತ್ತಿತು. ಶಾಲು ಜಾರಿ ಮಣ್ಣಿಗೆ ಬಿತ್ತು. ಹಾರ ಅಣ್ಣನ ಮುಖದ ಮೇಲೆ ಜೋತಾಡುತ್ತಿತ್ತು.

"ಇನ್ಸ್‌ಪೆಕ್ಟರೇ, ತಗೊಳ್ಳಿ ಇದನ್ನ," ಅಂದ. ಪಿಎಸ್ಐ ಎರಡು ಹೆಜ್ಜೆ ಹಿಂದೆ ಹೋಗಿ ಯಾರಿಗೋ ಫೋನು ಹಚ್ಚಿದ. "ರೀ ಎಂಜಿನಿಯರ್," ಅಂದ. ಎಂಜಿನಿಯರ ಆಗಲೇ ಕೈ ತೊಳೆಯುವ ನಲ್ಲಿಯ ಕಡೆ ನಡೆದಿದ್ದ. ಅಡುಗೆಯವರು ಬಾಗಿಲಲ್ಲೇ ನಿಂತಿದ್ದರು. ಅವನು ಒತ್ತುತ್ತ ಒತ್ತುತ್ತ ಎಲ್ಲರ ಮುಖ ನೋಡಿದ. ಯಾರೂ ಕೈ ಚಾಚಲಿಲ್ಲ. ಅಷ್ಟರಲ್ಲಿ ಕೇರಿಯವರು ಒಬ್ಬೊಬ್ಬರಾಗಿ ಬಂದು ಕಾಂಪೌಂಡಿನ ಸುತ್ತ ನಿಂತರು. ಯಾರೂ ಕೂಗಲಿಲ್ಲ. ನೋಡಿದರು.

ಅವನ ಹಣೆಯಿಂದ ಬೆವರು ಅಣ್ಣನ ಎದೆಯ ಮೇಲೆ ಹನಿಯಿತು. ಬಲಗೈ ಸೋತಿತು. ಎಡಗೈ ಕೂಡಿಸಿಕೊಂಡ. ಕಡೆಗೆ ತಾರವ್ವನ ಕಡೆ ನೋಡಿ, ಆಗ ತಾನೇ ಮಾತು ಕಲಿತವನ ಹಾಗೆ ಕೇಳಿದ.

"ಎಲ್ಲೀವರೆಗೆ ಒತ್ತಬೇಕು?"

ತಾರವ್ವ ಸೆರಗಿನಿಂದ ಕೈಗಳನ್ನು ಒರೆಸಿಕೊಂಡಳು. ಒಂದೊಂದೇ ಬೆರಳನ್ನು ಒರೆಸಿಕೊಂಡಳು.

"ಅದು ನಮ್ಮ ಮನಿ ಮಾತು," ಅಂದಳು. "ನಾವು ಮೂರು ಮಂದಿ ಕುಂತು ಮಾತಾಡಿ ಹೇಳ್ತೇವಿ. ಅಲ್ಲೀತನ ಒತ್ರಿ."

ಅವ್ವ ಎದ್ದಳು. ನಾವು ಮೂವರೂ ಕಾಂಪೌಂಡಿನ ಬೇವಿನ ಮರದ ಕೆಳಗೆ ಹೋಗಿ ಕೂತೆವು.